ಬಾಸ್ಟನ್ ನಗರದ ಕಲ್ಲುಹೊಳೆ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ತೀರದಲ್ಲಿರುವ ಬಾಸ್ಟನ್ ನಗರಕ್ಕೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ೧೭೭೩ರಲ್ಲಿ ಚಹದ ಪೆಟ್ಟಿಗೆಗಳನ್ನು ಕಡಲಿಗೆಸೆದ ಬಂದರನ್ನೂ, ಚಾರ್ಲ್ಸ್ ನದಿಯ ಆಚೆಯ ದಡದ ಹಾರ್ವರ್ಡ್ ವಿದ್ಯಾಪೀಠವನ್ನೂ, ಊರ ನಡುವಣ ‘ಕಾಮನ್’ ಎಂಬ ಹಸುರು ಬಯಲನ್ನೂ ನೋಡಿಕೊಂಡು ಹಿಂದಿರುಗುವರು. ಇವುಗಳ ವರ್ಣನೆ ಅನೇಕ ಪುಸ್ತಕಗಳಲ್ಲಿ ದೊರೆಯುವುದರಿಂದ ಅದನ್ನೇ ಮತ್ತೆ ಬರೆದು ವಾಚಕರ ಕಾಲವನ್ನು ಹರಣಮಾಡುವ ಇಚ್ಛೆ ನಮಗಿಲ್ಲ. ಅದೇ ನಗರದ ದಕ್ಷಿಣ ಭಾಗದಲ್ಲಿ ಡಾರ್ಚೆಸ್ಟರ್ ಎಂಬ ದೊಡ್ಡದೊಂದು ಬಡಾವಣೆಯುಂಟು. ಪ್ರವಾಸಿಗರಿಗೆ ಅಲ್ಲಿ ಅಷ್ಟಾಗಿ ಕೆಲಸವಿಲ್ಲ. ನಮಗೆ ಮಾತ್ರ ಅಲ್ಲಿಗೆ ಹೋಗಬೇಕಾದ ಕಾರಣವೊಂದು ಒದಗಿತು.

ಬಾಸ್ಟನ್ನಿಗೆ ತಾಗಿಕೊಂಡು ನೆಪೊನ್ಸೆಟ್ ಎಂಬ ಚಿಕ್ಕ ನದಿಯ ಈಚೆಗೆ ಕ್ವಿನ್ಸಿ ಎಂಬ ಊರಿದೆ. ನಮ್ಮ ಮಗನು ಅಲ್ಲಿ ಸಂಸಾರ ಹೂಡಿಕೊಂಡಿರುವನು. ಕಳೆದ ಶರತ್ಕಾಲವನ್ನು ನಾವೂ ನಮ್ಮ ಮನೆಯವರೂ ಅವನ ಬಳಿಯಲ್ಲಿ ಕಳೆದೆವು. ನೆರೆಮನೆಯ ವೃದ್ಧರು ನಮ್ಮಂತೆಯೇ ಮೇಷ್ಟರ ಕೆಲಸದಿಂದ ನಿವೃತ್ತರಾದವರು. ಬೇಲಿಯ ಎರಡು ಕಡೆ ನಿಂತು ಮಾತನಾಡುತ್ತ ನಮ್ಮೊಳಗೆ ಸ್ನೇಹವುಂಟಾಯಿತು. ಅವರು ರೋಟರಿಯ ಬಗೆಯ ಒಂದು ಸೇವಾಸಂಘದ ಸದಸ್ಯರು. ಒಂದು ದಿನ ಅವರು, “ಬರುವ ವಾರ ನಮ್ಮ ಸಂಘದಲ್ಲಿ ಸಣ್ಣದೊಂದು ಸನ್ಮಾನವಿದೆ. ಬಂದೂಕಿನ ಹಿಂಸೆಯನ್ನು ತಡೆಯಲು ದುಡಿದ ಪೋಲೀಸಿನವರೊಬ್ಬರನ್ನೂ ಊರಿನ ಕೆಲವರನ್ನೂ ಕರೆದಿದ್ದೇವೆ. ತಾವು ದಂಪತಿಗಳು ಬರಬೇಕು” ಎಂದು ಆಹ್ವಾನಿಸಿದರು.

ಬಂದೂಕಿನ ಮಾತು ಆ ಮನೆಯಲ್ಲಿ ನಮಗೆ ಹೊಸದಾಗಿರಲಿಲ್ಲ. ಏಳು ವರ್ಷದ ನಮ್ಮ ಮೊಮ್ಮಗನು ಶಾಲೆಯಿಂದ ಬಂದವನು ಒಂದು ಸಂಜೆ, ಆ ದಿನ ತರಗತಿಯಲ್ಲಿ ದೀಪವಾರಿಸಿ, ಬಾಗಿಲಿಗೆ ಅಗುಳಿಯಿಕ್ಕಿ, ಎಲ್ಲರೂ ಒಂದು ಮೂಲೆಯಲ್ಲಿ ಉಸಿರೆತ್ತದೆ ಕುಳಿತಿದ್ದೆವೆಂದು ಆಟದ ಸಂಗತಿಯಂತೆ ಹೇಳಿದ್ದನು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಮಾಡಬೇಕಾದ ಕವಾಯತು ಅದು! ನಮ್ಮ ಮನೆಯವರು ಆ ರಾತ್ರಿ ಊಟಮಾಡಲಿಲ್ಲ. ನಾವು ಮೂವತ್ತು ನಾಲ್ಕು ವರ್ಷ ಶಾಲೆಯಲ್ಲಿ ದುಡಿದವರು. ಮಕ್ಕಳಿಗೆ ಮೌನವನ್ನು ಕಲಿಸಲು ಪಟ್ಟ ಪಾಡು ನಮಗೆ ಗೊತ್ತು. ಆದರೆ ಇಂಥ ಮೌನವನ್ನು ಯಾವ ಮಗುವಿಗೂ ಕಲಿಸಿದವರಲ್ಲ. ಭರತಖಂಡದಲ್ಲಿ ೧೯೫೯ರ ಶಸ್ತ್ರಕಾನೂನಿನಂತೆ ಪರವಾನಗಿಯಿಲ್ಲದೆ ಒಬ್ಬನು ಬಂದೂಕನ್ನಿಟ್ಟುಕೊಳ್ಳುವಂತಿಲ್ಲ. ಅಲ್ಲಿಯಾದರೋ ಶಸ್ತ್ರವನ್ನಿಟ್ಟುಕೊಳ್ಳುವ ಹಕ್ಕು ೧೭೯೧ರಿಂದ ರಾಜ್ಯಘಟನೆಯಲ್ಲಿಯೇ ಸೇರಿದೆ. ಬಾಸ್ಟನ್ ಇರುವ ಮ್ಯಾಸಚುಸೆಟ್ಸ್ ಪ್ರಾಂತದ ಕಾನೂನು ಇತರ ಪ್ರಾಂತಗಳದಕ್ಕಿಂತ ಬಿಗಿಯಾದುದೇ. ಆದರೆ ಪ್ರಾಂತಗಳ ನಡುವೆ ಸುಂಕದ ಕಟ್ಟೆಯಿಲ್ಲವಾದುದರಿಂದ ಪಿಸ್ತೂಲುಗಳು ನೆರೆಯಿಂದಲೂ ದೂರದಿಂದಲೂ ಹರಿದುಬರುವುವು.

ಸನ್ಮಾನಕ್ಕೆ ಹೋಗುವ ಮುನ್ನ, ಆ ಜನರು ಯಾವ ಬೀದಿಗಳಲ್ಲಿ ದುಡಿದರೋ ಅವನ್ನು ಕಣ್ಣಾರೆ ನೋಡಬೇಕೆನಿಸಿತು. ಒಂದು ಬೆಳಗ್ಗೆ ಕ್ವಿನ್ಸಿಯಲ್ಲಿ ‘ಕೆಂಪು ಮಾರ್ಗ’ದ ರೈಲನ್ನು ಹತ್ತಿದೆವು. ನೆಪೊನ್ಸೆಟ್ ನದಿಯನ್ನು ದಾಟಿ, ಮುಂದೆ ಒಂದು ನಿಲ್ದಾಣದಲ್ಲಿ ಇಳಿದು, ಕವಲುದಾರಿಯ ರೈಲಿಗೆ ಬದಲಾಯಿಸಿಕೊಂಡು, ಫೀಲ್ಡ್ಸ್ ಕಾರ್ನರ್ ಎಂಬ ಸ್ಟೇಷನ್ನಿನಲ್ಲಿ ಇಳಿದೆವು. ಡಾರ್ಚೆಸ್ಟರು ೧೬೩೦ರಲ್ಲಿ ಇಂಗ್ಲೆಂಡಿನಿಂದ ಬಂದ ಜನರು ನೆಲೆಸಿದ ಊರು. ೧೮೭೦ರಲ್ಲಿ ಬಾಸ್ಟನ್ನಿಗೆ ಸೇರಿತು. ಬೀದಿಯ ಇಕ್ಕೆಲಗಳಲ್ಲಿಯೂ ಮರದಿಂದ ಕಟ್ಟಿದ ಮೂರಂತಸ್ತಿನ ಮನೆಗಳು ಸಾಲಾಗಿ ನಿಂತಿರುವುವು. ಅಂತಸ್ತಿಗೊಂದು ಸಂಸಾರ, ಪ್ರತಿಯೊಂದಕ್ಕೂ ಬೀದಿಯ ಕಡೆಗೆ ಒಂದೊಂದು ಮೊಗಸಾಲೆ. ಸಂಜೆಯಾದರೆ ಮೂರು ಮೊಗಸಾಲೆಗಳಲ್ಲಿಯೂ ಜನರು ಕುಳಿತು ಬೀದಿಯನ್ನು ನೋಡುವರು. ಫೀಲ್ಡ್ಸ್ ಕಾರ್ನರಿನಲ್ಲಿ ಈಗ ವಿಯೆಟ್ನಾಂ ದೇಶದವರೇ ಹೆಚ್ಚು. ಅಂಗಡಿಯ ಹಲಗೆಗಳೆಲ್ಲ ಅವರ ಭಾಷೆಯಲ್ಲಿವೆ. ಶ್ಯಾವಿಗೆಯ ಸಾರಿನ ಘಮ ಬೀದಿಯ ತುಂಬ. ಅಲ್ಲಿಂದ ಸ್ವಲ್ಪ ದೂರದ ದಿಣ್ಣೆಯ ಮೇಲೆ ೧೬೩೯ರಲ್ಲಿ ಸ್ಥಾಪಿತವಾದ ಮೇದರ್ ಶಾಲೆ ಇಂದಿಗೂ ನಡೆಯುತ್ತಿದೆ. ಜನರು ತೆರಿಗೆ ಕೊಟ್ಟು ನಡೆಯಿಸಿದ ಪ್ರಾಥಮಿಕ ಶಾಲೆಗಳಲ್ಲಿ ಆ ಖಂಡದಲ್ಲಿಯೇ ಅದು ಅತ್ಯಂತ ಹಳೆಯದೆಂದು ಪ್ರತೀತಿ. ನಾವು ಅದರ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ನಮಸ್ಕರಿಸಿ ಬಂದೆವು. ಮೇಷ್ಟರಾದವನಿಗೆ ಅದೂ ಒಂದು ಕ್ಷೇತ್ರವೇ.

ಸ್ಟೇಷನ್ನಿನ ಹತ್ತಿರ ‘ಟೌನ್ ಫೀಲ್ಡ್’ ಎಂಬ ಆಟದ ಬಯಲಿದೆ. ಈ ಬಯಲನ್ನು ನೆನೆಯುವಾಗ ಲೂಯಿಸ್ ಬ್ರೌನ್ ಎಂಬ ಬಾಲಕನ ಕಥೆಯನ್ನು ಹೇಳದೆ ಮುಂದುವರಿಯಲಾಗದು. ಇವನು ಇದೇ ಬಡಾವಣೆಯ ಕರಿಯ ಜನಾಂಗದ ಹುಡುಗ, ಹದಿನೈದು ವರ್ಷ, ಓದಿನಲ್ಲಿ ಆಸಕ್ತ. ತಾನು ಅಮೆರಿಕದ ಮೊದಲ ಕರಿಯ ಅಧ್ಯಕ್ಷನಾಗುವೆನೆಂದು ಹೇಳಿಕೊಳ್ಳುತ್ತಿದ್ದನಂತೆ. ೧೯೯೩ನೆಯ ಇಸವಿ ಡಿಸೆಂಬರ್ ೨೦ರಂದು ಮಧ್ಯಾಹ್ನ ಅವನು ಕ್ರಿಸ್‌ಮಸ್ ಹಬ್ಬದ ಕೂಟವೊಂದಕ್ಕೆ ಹೊರಟಿದ್ದನು. ಆ ಕೂಟವನ್ನು ಏರ್ಪಡಿಸಿದ್ದವರು ಯಾರೆಂಬಿರಿ? ಪುಂಡರ ಗುಂಪುಗಳ ಹಿಂಸೆಯನ್ನು ವಿರೋಧಿಸುವ ಹುಡುಗರ ಸಂಘದವರೇ! ದಾರಿಯಲ್ಲಿ, ಫೀಲ್ಡ್ಸ್ ಕಾರ್ನರಿನ ಸಮೀಪದಲ್ಲಿಯೇ, ಯಾರೋ ಯಾರಿಗೋ ಹಾರಿಸಿಕೊಳ್ಳುತ್ತಿದ್ದ ಗುಂಡುಗಳ ನಡುವೆ ಸಿಕ್ಕಿ ಅವನು ಸತ್ತನು.

ಅವನ ತಾಯಿ ಕ್ಲೆಮೆಂಟೀನಾ ಶೆರಿ ಎಂಬವರು ಮರುವರ್ಷವೇ, ೧೯೯೪ರಲ್ಲಿ, ಮಗನ ಹೆಸರಿನಲ್ಲಿ ಒಂದು ಶಾಂತಿಸಂಸ್ಥೆಯನ್ನು ಸ್ಥಾಪಿಸಿದರು. ಕೊಲೆಯಾದ ಮನೆಯವರಿಗೆ ಮೊದಲ ದಿನಗಳಲ್ಲಿ ಯಾವುದೂ ತೋಚುವುದಿಲ್ಲ. ಶವವನ್ನು ಯಾರು ಕೊಡುವರು, ಸಂಸ್ಕಾರಕ್ಕೆ ಹಣವೆಲ್ಲಿಂದ, ಪೋಲೀಸಿನವರೊಡನೆ ಏನು ಮಾತನಾಡಬೇಕು, ಉಳಿದ ಮಕ್ಕಳಿಗೆ ಏನೆಂದು ಹೇಳಬೇಕು—ಇವನ್ನೆಲ್ಲ ಈ ಸಂಸ್ಥೆಯವರು ಜೊತೆಯಲ್ಲಿ ನಿಂತು ನಡೆಯಿಸಿಕೊಡುವರು. ಇಷ್ಟಾದರೆ ಮೆಚ್ಚಬೇಕಾದುದೇ, ಆದರೆ ಕೊಂದವನ ಮನೆಯವರ ಬಳಿಗೂ ಇವರು ಹೋಗುವರು ಎಂಬುದನ್ನು ಕೇಳಿದಾಗ ನಮ್ಮ ಮನೆಯವರು, “ಇದು ಮನುಷ್ಯಮಾತ್ರರಿಂದ ಆಗುವ ಕೆಲಸವೆ?” ಎಂದರು. ಆ ತಾಯಿಯೂ ಒಬ್ಬ ಮಗನನ್ನು ಕಳೆದುಕೊಂಡವಳೇ, ಅವನು ಸೆರೆಮನೆಗೆ ಹೋದನು ಎಂಬುದು ಇವರ ಭಾವ. ೧೯೯೬ರಿಂದ ಪ್ರತಿವರ್ಷ ಮೇ ತಿಂಗಳಿನ ‘ತಾಯಂದಿರ ದಿನ’ದಂದು ಈ ಸಂಸ್ಥೆಯವರು ಶಾಂತಿಯಾತ್ರೆ ನಡೆಯಿಸುತ್ತ ಬಂದಿರುವರು. ಬಹುಕಾಲ ಆ ಯಾತ್ರೆ ಹೊರಡುತ್ತಿದ್ದುದು ಟೌನ್ ಫೀಲ್ಡ್ ಬಯಲಿನಿಂದಲೇ. ಸತ್ತ ಮಕ್ಕಳ ಭಾವಚಿತ್ರಗಳನ್ನು ಎದೆಗೆ ಸಿಕ್ಕಿಸಿಕೊಂಡು ಸಾವಿರಾರು ಜನರು ನಡೆಯುವರಂತೆ. ನಾವು ಹೋದ ದಿನ ಅಲ್ಲಿ ನಾಲ್ಕಾರು ಹುಡುಗರು ಚೆಂಡನ್ನು ಪುಟಿಸುತ್ತ ಜಗಳವಾಡುತ್ತಿದ್ದರು. ಆ ಜಗಳ ಕೇಳಲು ಹಿತವಾಗಿತ್ತು.

ಅಲ್ಲಿಂದ ರೈಲಿನ ಕೊನೆಯ ನಿಲ್ದಾಣವಾದ ಆಶ್‌ಮಾಂಟಿಗೆ ಹೋಗಿ, ಮ್ಯಾಟಪ್ಯಾನ್ ಎಂಬ ನೆರೆಯ ಬಡಾವಣೆಗೆ ಹೋಗುವ ಟ್ರಾಮಿನಲ್ಲಿ ಕುಳಿತೆವು. ಈ ಟ್ರಾಮುಗಳು ೧೯೪೦ರ ದಶಕದಲ್ಲಿ ಮಾಡಿದವು. ಕಿತ್ತಿಳೆಯ ಬಣ್ಣ ಬಳಿದು, ದುರಸ್ತು ಮಾಡಿ, ಇನ್ನೂ ಓಡಿಸುತ್ತಿರುವರು. ಹಳೆಯದನ್ನೆಲ್ಲ ಎಸೆಯುವ ದೇಶವೆಂದು ಅಮೆರಿಕವನ್ನು ನಿಂದಿಸುವವರು ಇದನ್ನೊಮ್ಮೆ ಹತ್ತಿ ನೋಡಬೇಕು. ಹಳಿ ಸೀಡರ್ ಗ್ರೋವ್ ಎಂಬ ಸ್ಮಶಾನದ ನಡುವೆಯೇ ಹಾದುಹೋಗುವುದು. ಎರಡು ಕಡೆಯೂ ಸಮಾಧಿಗಳು, ಮೇಲೆ ಕೆಂಪಡರಿದ ಮೇಪಲ್ ಮರಗಳು. ಆಮೇಲೆ ನೆಪೊನ್ಸೆಟ್ ನದಿಯ ಮಗ್ಗುಲು. ಹದಿನೆಂಟನೆಯ ಶತಮಾನದಿಂದ ಚಾಕೊಲೇಟನ್ನು ಅರೆಯುತ್ತಿದ್ದ ಬೇಕರ್ ಕಂಪೆನಿಯ ದೊಡ್ಡ ಇಟ್ಟಿಗೆ ಕಟ್ಟಡಗಳು ಅಲ್ಲಿ ಕಾಣುವುವು. ಈಗ ಅವುಗಳಲ್ಲಿ ಸಂಸಾರಗಳು ವಾಸವಾಗಿವೆ. ಇಷ್ಟು ಸೊಗಸಾದ ಹಾದಿಯ ಕೊನೆಯಲ್ಲಿ ಮ್ಯಾಟಪ್ಯಾನ್.

ಮ್ಯಾಟಪ್ಯಾನಿನ ಬ್ಲೂ ಹಿಲ್ ಬೀದಿಯಲ್ಲಿ ಮಾರ್ನಿಂಗ್ ಸ್ಟಾರ್ ಎಂಬ ಬ್ಯಾಪ್ಟಿಸ್ಟ್ ಪಂಥದ ಚರ್ಚು ಇದೆ. ೧೯೯೨ರ ಮೇ ತಿಂಗಳಲ್ಲಿ ಗುಂಡಿಗೆ ಸಿಕ್ಕಿ ಸತ್ತ ತರುಣನೊಬ್ಬನ ಅಂತ್ಯಪ್ರಾರ್ಥನೆ ಇಲ್ಲಿ ನಡೆಯುತ್ತಿದ್ದಾಗ ಎದುರುಗುಂಪಿನವರು ಒಳನುಗ್ಗಿ, ಬಂದಿದ್ದವರಲ್ಲಿ ಒಬ್ಬ ಹುಡುಗನನ್ನು ದೇವರ ಮುಂದೆಯೇ ಹೊಡೆದು ಇರಿದರು. ಇದನ್ನು ಕಂಡು ಕರಿಯ ಜನಾಂಗದ ಪಾದ್ರಿಗಳು ಬೆಚ್ಚಿಬಿದ್ದರು. ಹುಡುಗರು ಚರ್ಚಿಗೆ ಬರುತ್ತಿಲ್ಲವೆಂದು ದೂರುವುದನ್ನು ಬಿಟ್ಟು, ಚರ್ಚೇ ಹುಡುಗರಿದ್ದಲ್ಲಿಗೆ ಹೋಗಬೇಕೆಂದು ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮೊದಲಾದವರು ಸೇರಿ ಹತ್ತು ಅಂಶಗಳ ಒಂದು ಕಾರ್ಯಕ್ರಮವನ್ನು ಗೊತ್ತುಮಾಡಿಕೊಂಡರು. ಅದರಿಂದ ಅವರ ಕೂಟಕ್ಕೆ ‘ಟೆನ್ ಪಾಯಿಂಟ್’ ಎಂಬ ಹೆಸರು ಬಂದಿತು. ರಾತ್ರಿಯ ಹೊತ್ತಿನಲ್ಲಿ ಬೀದಿಯ ಮೂಲೆಗಳಲ್ಲಿ ನಡೆದಾಡಿ ಹುಡುಗರ ಮಾತನ್ನು ಕೇಳುವುದೇ ಅವರು ಮೊದಲು ಮಾಡಿದ ಕೆಲಸ.

ಪೋಲೀಸಿನವರೊಡನೆ ಇವರು ಕೈಸೇರಿಸಿದುದು ಮಾತ್ರ ಸುಲಭವಾಗಿ ಆಗಲಿಲ್ಲ, ಏಕೆಂಬುದನ್ನು ಹೇಳಬೇಕು. ೧೯೮೯ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಸ್ಟುಅರ್ಟ್ ಎಂಬ ಬಿಳಿಯನೊಬ್ಬನು ಗರ್ಭಿಣಿಯಾದ ತನ್ನ ಹೆಂಡತಿಯನ್ನು ಕಾರಿನಲ್ಲಿ ಗುಂಡಿಕ್ಕಿ ಕೊಂದು, ತನಗೂ ಗಾಯಮಾಡಿಕೊಂಡು, ಕರಿಯನೊಬ್ಬನು ಹೀಗೆ ಮಾಡಿದನೆಂದು ಹೇಳಿದನು. ಪೋಲೀಸಿನವರು ಅದನ್ನು ನಂಬಿ ಮಿಷನ್ ಹಿಲ್ ಎಂಬ ಭಾಗದ ಕರಿಯ ತರುಣರನ್ನು ಬೀದಿಬೀದಿಗಳಲ್ಲಿ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ ಶೋಧಿಸಿದರು. ೧೯೯೦ರ ಜನವರಿಯಲ್ಲಿ ನಿಜ ಹೊರಬೀಳುತ್ತಲೇ ಸ್ಟುಅರ್ಟನು ಸೇತುವೆಯಿಂದ ಹಾರಿ ಸತ್ತನು. ಆದರೆ ಅವಮಾನ ಪಟ್ಟವರ ಮನಸ್ಸಿನ ಗಾಯ ಉಳಿಯಿತು. ಸಂದೇಹಕ್ಕೆ ಗುರಿಯಾದ ಇಬ್ಬರಿಗೆ ಆ ನಗರದ ಮೇಯರು ವಿಧಿವತ್ತಾಗಿ ಕ್ಷಮೆ ಕೇಳಿದುದು ೨೦೨೩ರಲ್ಲಿ! ಮೂವತ್ತು ನಾಲ್ಕು ವರ್ಷಗಳಾದರೂ ಕೇಳಿದರಲ್ಲಾ ಎಂದು ಸಮಾಧಾನಪಡುವುದೊ, ಇಷ್ಟು ತಡವೇ ಎಂದು ನಿಟ್ಟುಸಿರಿಡುವುದೊ ವಾಚಕರಿಗೆ ಬಿಟ್ಟುದು.

ಅದೇ ೧೯೯೦ರಲ್ಲಿ ಬಾಸ್ಟನ್ನಿನಲ್ಲಿ ೧೫೨ ಕೊಲೆಗಳಾದುವು. ಆರು ಲಕ್ಷಕ್ಕಿಂತ ಕೊಂಚ ಕಡಮೆ ಜನಸಂಖ್ಯೆಯ ಊರು ಆಗ ಅದು. ೧೯೯೨ರ ನವೆಂಬರಿನಿಂದ ಪೋಲೀಸಿನವರೂ ನ್ಯಾಯಾಲಯದ ಪ್ರೊಬೇಷನ್ ಅಧಿಕಾರಿಗಳೂ ರಾತ್ರಿ ಒಂದೇ ಗಾಡಿಯಲ್ಲಿ ಹೊರಟು, ಪ್ರೊಬೇಷನ್ನಿನ ಮೇಲೆ ಬಿಟ್ಟ ಹುಡುಗರು ಮನೆಯಲ್ಲಿರುವರೆ ಎಂದು ಬಾಗಿಲು ತಟ್ಟತೊಡಗಿದರು. ತಾಯಂದಿರಲ್ಲಿ ಅನೇಕರು ಇದನ್ನು ಸ್ವಾಗತಿಸಿದರಂತೆ. ೧೯೯೫ರಲ್ಲಿ ಹಾರ್ವರ್ಡಿನ ಡೇವಿಡ್ ಕೆನೆಡಿ, ಆಂಟನಿ ಬ್ರಾಗಾ, ಆನ್ ಪೀಲ್ ಎಂಬ ಪಂಡಿತರು ಪೋಲೀಸಿನವರೊಡನೆ ಕುಳಿತು, ೧೯೯೦ರಿಂದ ೧೯೯೪ರ ವರೆಗೆ ಗುಂಡಿನಿಂದಲೋ ಚಾಕುವಿನಿಂದಲೋ ಸತ್ತ ಇಪ್ಪತ್ತೊಂದು ವರ್ಷಕ್ಕೆ ಮೀರದ ೧೫೫ ಹುಡುಗರ ಚರಿತ್ರೆಯನ್ನು ಒಂದೊಂದಾಗಿ ನೋಡಿದರು. ನೂರಕ್ಕೆ ಎಪ್ಪತ್ತೈದು ಮಂದಿ ಹಿಂದೆ ಒಮ್ಮೆಯಾದರೂ ನ್ಯಾಯಾಲಯದ ಕಟ್ಟೆ ಹತ್ತಿದವರು. ಉಳಿದ ಕಾಲುಭಾಗದಲ್ಲಿ ಲೂಯಿಸ್ ಬ್ರೌನನಂಥವರು. ಕೊಲ್ಲುವವರು ಯಾರು ಎಂದು ಹುಡುಕಿದಾಗ, ಸುಮಾರು ೬೧ ಗುಂಪುಗಳಿಗೆ ಸೇರಿದ ೧,೩೦೦ ಜನರು, ಎಂದರೆ ಊರಿನ ತರುಣರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಮೆ, ಈ ಕೊಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣರೆಂದು ಗೊತ್ತಾಯಿತು. ಸಿಕ್ಕಿದ ಪಿಸ್ತೂಲುಗಳ ಮೂಲವನ್ನು ಹುಡುಕಿದಾಗ ಸುಮಾರು ಮೂರರಲ್ಲೊಂದು ಭಾಗ ಆ ಪ್ರಾಂತದ ಅಂಗಡಿಗಳಿಂದಲೇ ಬಂದುದೆಂದು ತಿಳಿದು, ಎಲ್ಲ ತಪ್ಪನ್ನೂ ಹೊರಗಿನವರ ಮೇಲೆ ಹೊರಿಸುತ್ತಿದ್ದವರು ಸುಮ್ಮನಾದರು.

ಇಡೀ ಬಡಾವಣೆಯೇ ಕೆಟ್ಟುದೆಂದು ನಂಬಿ ಎಲ್ಲರನ್ನೂ ಗೋಡೆಗೆ ನಿಲ್ಲಿಸುತ್ತಿದ್ದ ಪೋಲೀಸಿನವರಿಗೆ ಈ ಲೆಕ್ಕ ದೊಡ್ಡ ಪಾಠವಾಯಿತೆಂದು ನಮ್ಮ ಎಣಿಕೆ. ಹೆಸರು ಹಿಡಿದು ಕರೆಯಬಹುದಾದಷ್ಟು ಮಂದಿ ಮಾತ್ರ! ೧೯೯೬ರ ಮೇ ತಿಂಗಳಲ್ಲಿ ಅಂಥ ಒಂದು ಗುಂಪಿನವರನ್ನು ಮೊದಲಬಾರಿಗೆ ಸಭೆಗೆ ಕರೆದರು. ಎದುರಿಗೆ ಪೋಲೀಸಿನವರು, ಸರ್ಕಾರದ ವಕೀಲರು, ಪಾದ್ರಿಗಳು, ನಗರಸಭೆಯ ಸಂಬಳದ ಬೀದಿಕಾರ್ಯಕರ್ತರು ಕುಳಿತರು. ಓದು, ಕೆಲಸ, ರಕ್ಷಣೆ, ಏನು ಬೇಕಾದರೂ ಕೇಳಿರಿ, ಕೊಡುವೆವು. ಕೊಲ್ಲುವುದನ್ನು ಮಾತ್ರ ನಿಲ್ಲಿಸಿರಿ. ನಿಮ್ಮಲ್ಲಿ ಒಬ್ಬನು ಗುಂಡು ಹಾರಿಸಿದರೂ ಗುಂಪಿಗೆ ಗುಂಪೇ ಅನುಭವಿಸಬೇಕಾಗುವುದು ಎಂಬುದು ಅವರು ಹೇಳಿದುದರ ತಾತ್ಪರ್ಯ. ನಮ್ಮ ನೀತಿಶಾಸ್ತ್ರಕಾರರು ಹೇಳಿದ ಚತುರುಪಾಯಗಳಲ್ಲಿ ಸಾಮ, ದಾನ, ದಂಡ ಮೂರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದಂತಾಯಿತು, ಭೇದವೊಂದನ್ನು ಬಿಟ್ಟರು. ದಂಡವೂ ಸಾಮಾನ್ಯವಾದುದಲ್ಲ. ಹಿಂದೆ ಅಪರಾಧಗಳಲ್ಲಿ ಸಿಕ್ಕಿಬಿದ್ದಿದ್ದ ಒಬ್ಬನ ಬಳಿ ಒಂದೇ ಒಂದು ಗುಂಡು ಸಿಕ್ಕಿದುದಕ್ಕೆ ಹತ್ತೊಂಬತ್ತು ವರ್ಷ ಏಳು ತಿಂಗಳ ಸೆರೆಯಾಯಿತು. ಅದನ್ನು ಅಚ್ಚುಹಾಕಿಸಿ ಉಳಿದವರಿಗೆ ತೋರಿಸಿದರು. ಒಬ್ಬನ ತಪ್ಪಿಗೆ ಗುಂಪನ್ನೇ ಹಿಡಿಯುವುದೂ, ಒಂದು ಗುಂಡಿಗೆ ಇಪ್ಪತ್ತು ವರ್ಷದ ಸೆರೆಯೂ ನಮ್ಮ ಮನಸ್ಸಿಗೆ ಒಗ್ಗಲಿಲ್ಲವೆಂಬುದನ್ನು ಮರೆಮಾಚಲಾರೆವು.

ಫಲವೇನಾಯಿತು? ೧೯೯೧ರಿಂದ ೧೯೯೫ರ ವರೆಗೆ ವರ್ಷಕ್ಕೆ ಸರಾಸರಿ ೪೪ ತರುಣರು ಕೊಲೆಯಾಗುತ್ತಿದ್ದರು. ೧೯೯೬ರಲ್ಲಿ ೨೬, ೧೯೯೭ರಲ್ಲಿ ೧೫. ೧೯೯೯ರಲ್ಲಿ ಊರಿನ ಎಲ್ಲ ಕೊಲೆಗಳೂ ಸೇರಿ ೩೧. ಜನರು ಇದನ್ನು ‘ಬಾಸ್ಟನ್ನಿನ ಪವಾಡ’ವೆಂದರು. ಆ ಕಾಲದಲ್ಲಿ ಇತರ ನಗರಗಳಲ್ಲಿಯೂ ಕೊಲೆಗಳು ಕಡಮೆಯಾದುದರಿಂದ ಕೀರ್ತಿಯೆಲ್ಲವೂ ಇವರದೇ ಎನ್ನಲಾಗದೆಂದು ಆಕ್ಷೇಪಿಸಿದ ವಿದ್ವಾಂಸರೂ ಉಂಟು. ಪವಾಡವೆಂಬ ಹೆಸರೇ ಕೆಡುಕನ್ನು ತಂದಿತೋ ಏನೋ! ಕೀರ್ತಿ ಯಾರದೆಂಬ ಮನಸ್ತಾಪಗಳು ಹುಟ್ಟಿದುವು. ದುಡಿದ ಅಧಿಕಾರಿಗಳು ಬೇರೆ ಕೆಲಸಗಳಿಗೆ ಹೋದರು. ೨೦೦೦ದ ಹೊತ್ತಿಗೆ ಆ ಕ್ರಮವೇ ನಿಂತುಹೋಯಿತು. ೨೦೦೫ರಲ್ಲಿ ಕೊಲೆಗಳ ಸಂಖ್ಯೆ ಮತ್ತೆ ಎಪ್ಪತ್ತನ್ನು ಮೀರಿತು. ಅನಂತರ ೨೦೦೭ರ ಸುಮಾರಿಗೆ ಹಳೆಯ ಕ್ರಮವನ್ನು ಮತ್ತೆ ಎತ್ತಿಕೊಂಡರು. ೨೦೨೪ರಲ್ಲಿ ಆ ಊರಿನಲ್ಲಿ ಆದ ಕೊಲೆಗಳು ೨೪. ೧೯೫೭ರಿಂದ ಈಚೆಗೆ ಇಷ್ಟು ಕಡಮೆ ಸಂಖ್ಯೆಯನ್ನು ಯಾರೂ ಕಂಡಿರಲಿಲ್ಲ.

ಇನ್ನು ಸನ್ಮಾನದ ಸಂಗತಿ. ವಾಚಕರಲ್ಲಿ ಅನೇಕರಿಗೆ ರೋಟರಿ ಸಂಘದ ಪರಿಚಯವಿರಬಹುದು. ೧೯೦೫ನೆಯ ಇಸವಿ ಫೆಬ್ರವರಿ ೨೩ರಂದು ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಇದನ್ನು ಆರಂಭಿಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯ ಮೇಲೆ ಸೇರುತ್ತಿದ್ದುದರಿಂದ ‘ತಿರುಗುವ’ ಎಂಬ ಅರ್ಥದ ಹೆಸರು ನಿಂತಿತು. ಬಾಸ್ಟನ್ನಿಗೆ ೧೯೦೯ರಲ್ಲಿಯೂ ನಮ್ಮ ಬೆಂಗಳೂರಿಗೆ ೧೯೩೪ರಲ್ಲಿಯೂ ಅದು ಬಂದಿತು. ಸ್ತ್ರೀಯರನ್ನು ಬಹುಕಾಲ ಸೇರಿಸುತ್ತಿರಲಿಲ್ಲ. ೧೯೮೭ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯ ಹೇಳಿದ ಮೇಲೆ ಸೇರಿಸಿಕೊಂಡರು. ನಮ್ಮ ನೆರೆಯವರ ಸಂಘಕ್ಕೆ ಅಂದು ಅಧ್ಯಕ್ಷರಾಗಿದ್ದವರು ಒಬ್ಬ ಮಹಿಳೆ, ವೃತ್ತಿಯಲ್ಲಿ ದಂತವೈದ್ಯರು.

ಮಧ್ಯಾಹ್ನ ಹನ್ನೆರಡಕ್ಕೆ ಒಂದು ಹೋಟೆಲಿನ ಹಿಂಬದಿಯ ಕೊಠಡಿಯಲ್ಲಿ ನಲವತ್ತು ಜನರು ಸೇರಿದರು. ಗಂಟೆ ಬಾರಿಸಿ, ಧ್ವಜಕ್ಕೆ ವಂದಿಸಿ, ಊಟಕ್ಕೆ ಕುಳಿತರು. ನಮಗೆ ಬೇಯಿಸಿದ ಆಲೂಗಡ್ಡೆಯೂ ಹಸಿಯ ಸೊಪ್ಪೂ ದೊರೆತುವು. ಅವರಲ್ಲಿ ಒಂದು ಸೊಗಸಾದ ಪದ್ಧತಿಯುಂಟು: ಸಂತೋಷದ ಸಮಾಚಾರವಿದ್ದವರು ಎದ್ದುನಿಂತು ಅದನ್ನು ಹೇಳಿ, ಒಂದು ಡಾಲರನ್ನು ಧರ್ಮದ ಡಬ್ಬಿಗೆ ಹಾಕುವರು. ಒಬ್ಬರಿಗೆ ಮೊಮ್ಮಗಳು ಹುಟ್ಟಿದ್ದಳು. ಒಬ್ಬರ ನಾಯಿ ಮನೆಗೆ ಹಿಂದಿರುಗಿತ್ತು. ನಮ್ಮ ನೆರೆಯವರು ಭರತಖಂಡದ ಅತಿಥಿಗಳು ಬಂದರೆಂದು ಒಂದು ಡಾಲರು ಹಾಕಿದರು. ಆಗ ನಮ್ಮ ಮನೆಯವರು ನಮ್ಮ ಕಡೆಗೆ ಕೈಚಾಚಿ ಒಂದು ಡಾಲರನ್ನು ಈಸಿಕೊಂಡು, ಎದ್ದು, ಮೊಮ್ಮಗನು ಕನ್ನಡದ ಅಕ್ಷರಮಾಲೆಯನ್ನು ತಪ್ಪಿಲ್ಲದೆ ಬರೆದನೆಂದು ಸಾರಿ ಡಬ್ಬಿಗೆ ಹಾಕಿದರು. ಚಪ್ಪಾಳೆ ನಮ್ಮ ನೆರೆಯವರಿಗಿಂತ ಅವರಿಗೇ ಹೆಚ್ಚಾಗಿ ಬಿದ್ದಿತು.

ಸನ್ಮಾನಿತರು ಮೂವರು. ಐವತ್ತು ದಾಟಿದ ಒಬ್ಬ ಪೋಲೀಸ್ ಸಾರ್ಜೆಂಟರು. ತಾರುಣ್ಯದಲ್ಲಿ ಸೆರೆಮನೆ ಕಂಡುಬಂದು ಈಗ ಬೀದಿಕಾರ್ಯಕರ್ತರಾಗಿರುವ ಒಬ್ಬ ಕರಿಯ ಗೃಹಸ್ಥರು. ಮಗನನ್ನು ಗುಂಡಿಗೆ ಕಳೆದುಕೊಂಡು, ತನ್ನಂತೆ ನೊಂದ ಮನೆಗಳಿಗೆ ಅಡಿಗೆ ಮಾಡಿ ಒಯ್ಯುವ ಒಬ್ಬ ತಾಯಿ. ಹಾರ ತುರಾಯಿಗಳಿಲ್ಲ. ಮರದ ಒಂದೊಂದು ಫಲಕ, ಒಂದೊಂದು ಕೈಕುಲುಕು, ಅಷ್ಟೆ. ನಮ್ಮಲ್ಲಾಗಿದ್ದರೆ ಸ್ವಾಗತಭಾಷಣವೇ ಮುಗಿಯದಿದ್ದ ಹೊತ್ತಿನಲ್ಲಿ ಅವರ ಸಮಾರಂಭವೇ ಮುಗಿದಿತ್ತು.

ಸಾರ್ಜೆಂಟರು ಮಾತಿನವರಲ್ಲ. ಕೊಲೆಯಾದರೆ ಬರೆಯಲು ದಫ್ತರಿನಲ್ಲಿ ಜಾಗವುಂಟು, ಆಗದೆ ಉಳಿದುದನ್ನು ಬರೆಯಲು ಜಾಗವಿಲ್ಲ. ಆದುದರಿಂದ ಈ ಫಲಕ ಯಾವುದಕ್ಕೆಂದು ತಮಗೇ ಸರಿಯಾಗಿ ತಿಳಿಯದು ಎಂದು ನಗುತ್ತ ಹೇಳಿದರು. ನಮಗೆ ಕೂಡಲೆ ತರ್ಕಸಂಗ್ರಹದ ಪಾಠ ನೆನಪಿಗೆ ಬಂದಿತು. ಅನ್ನಂಭಟ್ಟನು ಎಣಿಸಿದ ಏಳು ಪದಾರ್ಥಗಳಲ್ಲಿ ಕೊನೆಯದು ಅಭಾವ. ಇಲ್ಲದಿರುವುದೂ ಒಂದು ಪದಾರ್ಥವೆ ಎಂದು ಹುಡುಗರು ನಗುತ್ತಿದ್ದರು; ಹಲಗೆಯ ಮೇಲೆ ಗಡಿಗೆಯ ಚಿತ್ರ ಬರೆದು ಅಳಿಸಿ ತೋರಿಸುತ್ತಿದ್ದೆವು. ಈ ಸಾರ್ಜೆಂಟರು ಮೂವತ್ತು ವರ್ಷ ದುಡಿದು ಸಂಪಾದಿಸಿದುದು ಅಂಥದೊಂದು ಅಭಾವವನ್ನು. ಹದಿನೇಳರಲ್ಲಿ ಸಾಯಬೇಕಾಗಿದ್ದವನು ಇಂದು ಮೂವತ್ತೈದರಲ್ಲಿ ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿರುವನು. ತಾನು ಉಳಿದುಕೊಂಡೆನೆಂಬುದು ಅವನಿಗೇ ಗೊತ್ತಿಲ್ಲ. ಅವನನ್ನು ವೇದಿಕೆಗೆ ಕರೆತಂದು ತೋರಿಸುವುದು ಹೇಗೆ? ನಾಲ್ಕು ವಿಧದ ಅಭಾವಗಳಲ್ಲಿ ಇದು ಯಾವುದೆಂಬುದನ್ನು ತಾರ್ಕಿಕರು ಚರ್ಚಿಸಲಿ. ಅದಕ್ಕೊಂದು ಫಲಕ ಕೊಟ್ಟ ಆ ಸಂಘದವರ ಬುದ್ಧಿಯನ್ನು ನಾವು ಮೆಚ್ಚಿದೆವು.

ಕಾರ್ಯಕರ್ತರ ಮಾತು ಇನ್ನೂ ಬಿಚ್ಚುಮನಸ್ಸಿನದು. ಪಕ್ಕದಲ್ಲಿ ಕುಳಿತಿರುವ ಇದೇ ಸಾರ್ಜೆಂಟರು ಹಿಂದೊಮ್ಮೆ ತಮಗೆ ಬೇಡಿ ತೊಡಿಸಿದವರೆಂದು ಹೇಳಿದರು. ಈಗ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವವಿದೆ. ಆದರೂ ಹುಡುಗರು ತಮಗೆ ಹೇಳಿದುದನ್ನು ಇವರಿಗೆ ತಿಳಿಸುವುದಿಲ್ಲ; ತಿಳಿಸಿದ ದಿನವೇ ಹುಡುಗರು ಬಾಯಿ ಮುಚ್ಚುವರು, ತಮ್ಮ ಕೆಲಸ ಮುಗಿಯುವುದು; ಇದು ಸಾರ್ಜೆಂಟರಿಗೂ ಗೊತ್ತು, ಅವರು ಕೇಳುವುದೂ ಇಲ್ಲ ಎಂದರು. ಸಾರ್ಜೆಂಟರು ತಲೆದೂಗಿದರು. ಒಂದೇ ಸಭೆಯಲ್ಲಿ ಒಂದೇ ಬಗೆಯ ಫಲಕವನ್ನು ಪಡೆದು, ನಡುವೆ ಒಂದು ಗೋಡೆಯನ್ನು ಇಬ್ಬರೂ ಕೂಡಿ ಕಾಪಾಡಿಕೊಂಡು ಬಂದಿರುವ ಈ ಮೈತ್ರಿ ನಮಗೆ ಬಹಳ ಹಿಡಿಸಿತು. ೧೯೮೯ರಲ್ಲಿ ಗೋಡೆಗೆ ನಿಲ್ಲಿಸಿದವರೂ ನಿಂತವರೂ ಇಷ್ಟು ದೂರ ನಡೆದು ಬಂದುದಕ್ಕೆ ಎಷ್ಟು ವರ್ಷಗಳು ಹಿಡಿದುವು!

ತಾಯಿ ಮಾತನಾಡಲಿಲ್ಲ, ವಂದಿಸಿ ಕುಳಿತರು. ಸಭೆ ಮುಗಿದ ಮೇಲೆ ನಮ್ಮ ಮನೆಯವರು ಅವರ ಬಳಿಗೆ ಹೋಗಿ ಕೈಹಿಡಿದುಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರೆಬರೆ. ಏನೇನು ಮಾತನಾಡಿಕೊಂಡರೋ ನಾವು ಕೇಳಲಿಲ್ಲ. ನಗರದ ನಡುವೆ ‘ಶಾಂತಿಯ ತೋಟ’ವೊಂದಿದೆ, ಅಲ್ಲಿ ತಮ್ಮ ಮಗನ ಕಲ್ಲಿದೆ, ಹೋಗಿ ನೋಡಿ ಎಂದು ಆಕೆ ಹೇಳಿದರಂತೆ.

ಮರುದಿನವೇ ಹೋದೆವು. ಪ್ರಾಂತದ ಸಭಾಭವನದ ಚಿನ್ನದ ಗುಮ್ಮಟಕ್ಕೆ ಸಮೀಪದಲ್ಲಿ, ಕೇಂಬ್ರಿಜ್ ಬೀದಿಯ ದೊಡ್ಡದೊಂದು ಕಚೇರಿಯ ಕಟ್ಟಡದ ಅಂಗಳದಲ್ಲಿ ಈ ತೋಟವಿದೆ. ಆ ಪ್ರಾಂತದಲ್ಲಿ ಕೊಲೆಯಾದವರ ನೆನಪಿಗಾಗಿ ಇದನ್ನು ಮಾಡಿ ೨೦೦೪ರಲ್ಲಿ ತೆರೆದರು. ಮೊದಲಿಗೆ ಕರಿಯ ಶಿಲೆಯ ಒಂದು ದೊಡ್ಡ ಗುಂಡು. ನೋಡಿದರೆ ಎದೆಯ ಮೇಲೆ ಕುಳಿತಂತಾಗುವುದು. ಅಲ್ಲಿಂದ ನೀರಿಲ್ಲದ ಹೊಳೆಯ ಪಾತ್ರದಂತೆ ಒಂದು ಹಾದಿ ಬಾಗಿ ಬಾಗಿ ಹೋಗುವುದು. ಆ ಪಾತ್ರದ ತುಂಬ ನಮ್ಮ ಹೊಳೆಗಳಲ್ಲಿ ಸಿಕ್ಕುವಂಥ ನುಣುಪಾದ ಕಲ್ಲುಗಳು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಕೆತ್ತಿದೆ. ಸಾವಿರಕ್ಕೂ ಹೆಚ್ಚು ಹೆಸರುಗಳು. ವರ್ಷವರ್ಷವೂ ಹೊಸ ಕಲ್ಲುಗಳು ಸೇರುವುವು. ಕೊನೆಯಲ್ಲಿ ನೀರಿನ ಒಂದು ಸಣ್ಣ ಕೊಳ, ಅದರ ಬಳಿ ಮೇಲಕ್ಕೇಳುತ್ತಿರುವ ಕೆಂಬರಲಿನ ಜಾತಿಯ ಮೂರು ಹಕ್ಕಿಗಳ ಲೋಹದ ವಿಗ್ರಹ.

ನಮ್ಮ ಊರುಗಳ ಹೊರಗೆ ವೀರಗಲ್ಲುಗಳಿರುವುದನ್ನು ವಾಚಕರೆಲ್ಲ ಕಂಡಿರುವರು. ತುರು ಬಿಡಿಸಲು ಹೋಗಿ ಸತ್ತವನು, ಹುಲಿಯೊಡನೆ ಹೋರಾಡಿ ಸತ್ತವನು ಅಲ್ಲಿ ಕತ್ತಿ ಹಿಡಿದು ನಿಂತಿರುವನು. ಮೇಲಿನ ಹಂತದಲ್ಲಿ ಅಪ್ಸರೆಯರು ಅವನನ್ನ ಕರೆದೊಯ್ಯುವರು. ಈ ಕಲ್ಲುಗಳಲ್ಲಿ ಹೋರಾಟವಿಲ್ಲ. ಅಂಗಡಿಗೆ ಹೋದವನು, ಬಾಗಿಲು ತೆರೆಯಲು ಎದ್ದವಳು, ಹಬ್ಬದ ಕೂಟಕ್ಕೆ ಹೊರಟವನು. ಬರಿಯ ಹೆಸರು ಮಾತ್ರ. ಅಪ್ಸರೆಯರ ಬದಲು ಮೂರು ಹಕ್ಕಿಗಳು.

ಆ ತಾಯಿ ಹೇಳಿದ ಹೆಸರನ್ನು ನಮ್ಮ ಮನೆಯವರು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ನಾವು ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳುತ್ತ ಮುಂದೆ ನಡೆದೆವು. ಅವರು ಚೀಟಿಯನ್ನು ನೋಡುತ್ತ ಹಿಂದೆ ಬಂದರು. ಕಚೇರಿಯ ಜನರು ಬೆಂಚುಗಳ ಮೇಲೆ ಕುಳಿತು ತಮ್ಮ ಬುತ್ತಿಯನ್ನು ಬಿಚ್ಚಿ ಉಣ್ಣುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಹಳದಿಯ ಎಲೆಗಳು ಉದುರಿ ಹೆಸರುಗಳನ್ನು ಮುಚ್ಚುತ್ತಿದ್ದುವು. ನಮ್ಮ ಮನೆಯವರು ಬಾಗಿ ಬಾಗಿ ಎಲೆಗಳನ್ನು ಸರಿಸುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಕಲ್ಲು ಸಿಕ್ಕಿತು. ಹುಟ್ಟಿದ ವರ್ಷವನ್ನು ಲೆಕ್ಕಹಾಕಿ ನೋಡಿದರೆ, ಇದ್ದಿದ್ದರೆ ನಮ್ಮ ಮಗನ ವಯಸ್ಸು. ಅವರು ಸೆರಗಿನಿಂದ ಕಲ್ಲನ್ನು ಒರೆಸಿ, ಚೀಟಿಯನ್ನು ಮಡಿಸಿ ಇಟ್ಟುಕೊಂಡು, ಮೊಮ್ಮಗನು ಶಾಲೆಯಿಂದ ಬರುವ ಹೊತ್ತಾಯಿತು, ಹೊರಡೋಣ ಎಂದರು.